ರಕ್ತ ಕಡಿಮೆ ಇದ್ದವರಿಗೂ ಲಕ್ವ!

ಮಗುವಿಗೆ ಒಂದೂವರೆ ವರ್ಷ. ನಾಲ್ಕು ದಿನದ ಹಿಂದೆ ನೆಗಡಿ, ಜ್ವರ, ಒಂದೆರಡು ಸಲ ಭೇದಿ. ಈಗ ಜ್ವರ ಬಿಟ್ಟಿದೆ. ಆದರೆ ಬೆಳಿಗ್ಗೆ ಎದ್ದ ಮಗು ಬಲಗೈಯಲ್ಲಿ ಬಿಸ್ಕತ್ತು ಹಿಡಿಯುತ್ತಿಲ್ಲ. ಹಿಡಿಸಿದರೆ ಜಾರಿ ಬೀಳುತ್ತದೆ. ನಿಲ್ಲಿಸಿದರೆ ಒಂದು ಕಾಲು ಕುಸಿಯುತ್ತದೆ. ಅಳುವಾಗ ಬಾಯಿ ಒಂದು ಪಕ್ಕಕ್ಕೆ ಎಳೆದಂತೆ ಕಾಣುತ್ತದೆ. ‘ಮಲಗಿದ್ದಾಗ ಕೈ ಅಡಿಗೆ ಸಿಕ್ಕಿರಬೇಕು’ ಎಂದು ಅಜ್ಜಿ ಎಣ್ಣೆ ತಿಕ್ಕುತ್ತಾರೆ. ‘ಎಲ್ಲೋ ಬಿದ್ದು ಪೆಟ್ಟಾಗಿದೆ’ ಎಂದು ತಂದೆ ಮೂಳೆ ವೈದ್ಯರ ಬಳಿಗೆ ಓಡುತ್ತಾರೆ. ಕೊನೆಗೆ ಮಿದುಳಿನ ಸ್ಕ್ಯಾನ್ ಮಾಡಿದಾಗ ಎಡ ಭಾಗದಲ್ಲಿ ರಕ್ತ ಹರಿಯದೆ ಸತ್ತ ಒಂದು ತುಣುಕು ಕಾಣುತ್ತದೆ. ಮಗುವಿಗೆ ಪಾರ್ಶ್ವವಾಯು. ಹಳ್ಳಿಯ ಮಾತಿನಲ್ಲಿ ಹೇಳುವುದಾದರೆ, ಲಕ್ವ ಹೊಡೆದಿದೆ.

ಮಕ್ಕಳ ನರರೋಗ ತಜ್ಞರು ಬಲ್ಲ ಕಥೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. 1997ರಲ್ಲಿ ಕೆನಡಾದ ವೈದ್ಯರು ಇಂತಹ ಆರು ಮಕ್ಕಳ ವರದಿಯನ್ನು ಪ್ರಕಟಿಸಿದರು. ಎಲ್ಲರೂ ಆರು ತಿಂಗಳಿಂದ ಹದಿನೆಂಟು ತಿಂಗಳೊಳಗಿನ ಕೂಸುಗಳು. ಎಲ್ಲರಿಗೂ ವೈರಸ್ ಸೋಂಕಿನ ಬೆನ್ನಿಗೇ ಮಿದುಳಿನ ರಕ್ತನಾಳ ಕಟ್ಟಿಕೊಂಡಿತ್ತು. ವೈದ್ಯರು ಆರೂ ಮಕ್ಕಳಲ್ಲಿ ಕಂಡ ಸಮಾನ ಅಂಶ ಒಂದೇ: ದೇಹದಲ್ಲಿ ಕಬ್ಬಿಣಾಂಶದ ಕೊರತೆ. ರಕ್ತಹೀನತೆ!

ಆರು ಮಕ್ಕಳ ಕಥೆಯಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ, ಕಾಕತಾಳೀಯವೂ ಇರಬಹುದು. ಹಾಗಾಗಿ ಟೊರಾಂಟೋ ನಗರದ ಮಕ್ಕಳ ಆಸ್ಪತ್ರೆಯ ವೈದ್ಯರು ಇನ್ನೊಂದು ದಾರಿ ಹಿಡಿದರು. ಹುಟ್ಟಿನಿಂದ ಬೇರೆ ಯಾವ ಕಾಯಿಲೆಯೂ ಇಲ್ಲದೆ ಏಕಾಏಕಿ ಪಾರ್ಶ್ವವಾಯುವಿಗೆ ತುತ್ತಾದ ಹದಿನೈದು ಮಕ್ಕಳನ್ನು ಆರಿಸಿಕೊಂಡರು. ಎಲ್ಲರೂ ಒಂದರಿಂದ ಮೂರು ವರ್ಷದ ಆಸುಪಾಸಿನವರು. ಅದೇ ವಯಸ್ಸಿನ, ಆರೋಗ್ಯವಾಗಿದ್ದ 143 ಮಕ್ಕಳ ಜೊತೆ ಅವರ ರಕ್ತವನ್ನು ಹೋಲಿಸಿ ನೋಡಿದರು. ಆರೋಗ್ಯವಂತ ಮಕ್ಕಳಲ್ಲಿ ನೂರಕ್ಕೆ ಒಂಬತ್ತು ಮಂದಿಗೆ ಕಬ್ಬಿಣದ ಕೊರತೆಯ ರಕ್ತಹೀನತೆ ಇತ್ತು. ಪಾರ್ಶ್ವವಾಯು ಬಡಿದ ಮಕ್ಕಳಲ್ಲಿ ಅದು ನೂರಕ್ಕೆ 53! ಲೆಕ್ಕ ಹಾಕಿದಾಗ, ಪಾರ್ಶ್ವವಾಯು ಆದ ಮಕ್ಕಳಲ್ಲಿ ರಕ್ತಹೀನತೆ ಇರುವ ಸಂಭವ ಸುಮಾರು ಹತ್ತು ಪಟ್ಟು ಹೆಚ್ಚು ಎಂದಾಯಿತು. ಈ ವರದಿ ಪ್ರಕಟವಾದದ್ದು 2007ರಲ್ಲಿ.

ಹದಿನೈದು ಎಂಬುದು ಸಣ್ಣ ಸಂಖ್ಯೆಯೇ. ಎರಡು ಸಂಗತಿಗಳು ಜೊತೆಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು ಎಂಬುದು ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರುವ ಪಾಠ. ಆದರೆ ಆ ಬಳಿಕ ಬೇರೆ ಕಡೆಗಳಿಂದಲೂ ಇಂಥ ವರದಿಗಳು ಬಂದವು. 2013ರಲ್ಲಿ ತೈವಾನಿನ ಸಂಶೋಧಕರು 51 ಸಾವಿರಕ್ಕೂ ಹೆಚ್ಚು ವಯಸ್ಕ ರೋಗಿಗಳ ದಾಖಲೆಗಳನ್ನು ಜಾಲಾಡಿದರು. ಪಾರ್ಶ್ವವಾಯು ಆದವರಲ್ಲಿ ಮೊದಲೇ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದ ಸಂಭವ, ಆಗದವರಿಗಿಂತ ಸುಮಾರು ಒಂದೂವರೆ ಪಟ್ಟು ಎಂದು ಅವರಿಗೆ ಕಂಡುಬಂತು.

ಇದನ್ನು ಓದಿ ಬಿಳಿಚಿಕೊಂಡ ಮಗುವಿರುವ ತಾಯಂದಿರೆಲ್ಲ ಗಾಬರಿಗೊಳ್ಳಬೇಕಿಲ್ಲ. ಮಕ್ಕಳಲ್ಲಿ ಪಾರ್ಶ್ವವಾಯು ಅಪರೂಪ. ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಬರುವಂಥದು. ಅಪರೂಪವಾದದ್ದು ಹತ್ತು ಪಟ್ಟಾದರೂ ಅಪರೂಪವೇ. ಆದರೆ ರಕ್ತಹೀನತೆ ಮಾತ್ರ ನಮ್ಮಲ್ಲಿ ಅಪರೂಪವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಂದಿಗೆ, 15ರಿಂದ 19 ವರ್ಷದ ನೂರು ಹುಡುಗಿಯರಲ್ಲಿ 59 ಮಂದಿಗೆ ರಕ್ತಹೀನತೆ ಇತ್ತು. ಕೆನಡಾದಲ್ಲಿ ನೂರಕ್ಕೆ ಒಂಬತ್ತಿದ್ದದ್ದು ಇಲ್ಲಿ ಅರುವತ್ತೇಳು!

ಹೆಚ್ಚಾದರೆ ತಾನೆ ಹೆಪ್ಪುಗಟ್ಟುವುದು?

ಪಾರ್ಶ್ವವಾಯು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅರುವತ್ತು ದಾಟಿದ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟಿನ ಚಟ ಇರುವ ವ್ಯಕ್ತಿ. ‘ರಕ್ತ ಹೆಚ್ಚಾಯಿತು, ತಲೆಗೆ ಏರಿತು, ಲಕ್ವ ಹೊಡೆಯಿತು’ ಎಂಬುದು ಜನರ ವಿವರಣೆ. ಹಾಗಿದ್ದರೆ ರಕ್ತ ಕಡಿಮೆ ಇರುವವರಿಗೆ ಲಕ್ವದ ಭಯವಿರಕೂಡದು. ತೆಳ್ಳಗಿನ ರಕ್ತ ಸರಾಗವಾಗಿ ಹರಿಯಬೇಕಲ್ಲವೆ? ತರ್ಕವೇನೋ ಚೆನ್ನಾಗಿದೆ. ದೇಹ ಈ ತರ್ಕಕ್ಕೆ ಬಗ್ಗುವುದಿಲ್ಲ, ಅಷ್ಟೆ.

ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ರಕ್ತನಾಳ ಒಡೆದು ಮಿದುಳಿನೊಳಗೆ ರಕ್ತ ಸೋರುವುದು ಒಂದು. ರಕ್ತನಾಳ ಕಟ್ಟಿಕೊಂಡು ಅದರ ಮುಂದಿನ ಭಾಗಕ್ಕೆ ರಕ್ತ ತಲುಪದೇ ಹೋಗುವುದು ಇನ್ನೊಂದು. ಹೆಚ್ಚಿನವರಿಗೆ ಬರುವುದು ಈ ಎರಡನೆಯದು. ಇಲ್ಲಿ ಹೇಳುತ್ತಿರುವುದೂ ಅದನ್ನೇ. ಮಿದುಳಿನ ತೂಕ ದೇಹದ ತೂಕದ ನೂರರಲ್ಲಿ ಎರಡು ಪಾಲು ಮಾತ್ರ. ಆದರೆ ನಾವು ಉಸಿರಾಡಿದ ಆಮ್ಲಜನಕದಲ್ಲಿ ಐದನೇ ಒಂದು ಪಾಲನ್ನು ಅದೊಂದೇ ತಿಂದು ಹಾಕುತ್ತದೆ. ಕೂಡಿಡುವ ಬುದ್ಧಿ ಅದಕ್ಕಿಲ್ಲ. ದೊಡ್ಡ ನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ತಜ್ಞರು ಅಂದಾಜು ಮಾಡಿದ್ದಾರೆ.

ಈ ಆಮ್ಲಜನಕವನ್ನು ಹೊತ್ತು ತರುವುದು ಕೆಂಪು ರಕ್ತಕಣಗಳೊಳಗಿನ ಹಿಮೋಗ್ಲೋಬಿನ್. ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣ ಬೇಕು. ಕಬ್ಬಿಣ ಸಾಲದಿದ್ದರೆ ಕಣಗಳು ಚಿಕ್ಕದಾಗಿ, ಪೇಲವವಾಗಿ ಹುಟ್ಟುತ್ತವೆ. ಮೊದಲ ತೊಂದರೆ ಇದು: ಬಂಡಿಗಳು ಬರುತ್ತವೆ, ಮೂಟೆ ಅರ್ಧವೇ ತುಂಬಿರುತ್ತದೆ. ಕೊರತೆಯನ್ನು ತುಂಬಲು ಹೃದಯ ಜೋರಾಗಿ ಬಡಿದುಕೊಳ್ಳುತ್ತದೆ, ರಕ್ತ ರಭಸದಿಂದ ಹರಿಯುತ್ತದೆ. ಮಳೆಗಾಲದ ಹೊಳೆ ತಿರುವಿನಲ್ಲಿ ದಡ ಕೊರೆಯುವಂತೆ, ನಾಳಗಳು ಕವಲೊಡೆಯುವಲ್ಲಿ ಈ ರಭಸ ಒಳಗೋಡೆಗೆ ಪೆಟ್ಟು ಕೊಡಬಹುದು. ಪೆಟ್ಟು ಬಿದ್ದಲ್ಲಿ ಹೆಪ್ಪು ಕೂರುವುದು ಸುಲಭ.

ಎರಡನೆಯದು ಇನ್ನೂ ವಿಚಿತ್ರ. ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳಿವೆ. ಗಾಯವಾದಾಗ ಒಂದಕ್ಕೊಂದು ಅಂಟಿಕೊಂಡು ರಕ್ತ ಸೋರುವುದನ್ನು ನಿಲ್ಲಿಸುವುದು ಇವುಗಳ ಕೆಲಸ. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆಯಿಂದ ನಾಲ್ಕೂವರೆ ಲಕ್ಷದಷ್ಟು ಇರುತ್ತವೆ. ಡೆಂಗಿ ಜ್ವರ ಬಂದಾಗ ಇವು ಇಳಿಯುವುದನ್ನು ಎಲ್ಲರೂ ಕೇಳಿದ್ದಾರೆ. ಕಬ್ಬಿಣದ ಕೊರತೆಯಲ್ಲಿ ಇವು ಏರುತ್ತವೆ! ಐದು, ಆರು, ಕೆಲವರಲ್ಲಿ ಹತ್ತು ಲಕ್ಷಕ್ಕೂ ಮುಟ್ಟುತ್ತವೆ. ಕೆಂಪು ಕಣಕ್ಕೂ ಪ್ಲೇಟ್‌ಲೆಟ್‌ಗೂ ಮೂಳೆಯ ಮಜ್ಜೆಯಲ್ಲಿರುವ ತಾಯಿಕಣ ಒಂದೇ. ಕಬ್ಬಿಣ ಸಾಲದೆ ಹೋದಾಗ ಆ ತಾಯಿಕಣ ಎರಡನೆಯದರ ಕಡೆ ವಾಲುತ್ತದೆ. ಸಾಲದ್ದಕ್ಕೆ, ಕಬ್ಬಿಣವಿಲ್ಲದ ಕೆಂಪು ಕಣಗಳು ಪೆಡಸು. ಕೂದಲಿಗಿಂತ ತೆಳ್ಳಗಿನ ಲೋಮನಾಳಗಳಲ್ಲಿ ಒಳ್ಳೆಯ ಕಣ ಮಡಚಿಕೊಂಡು ನುಸುಳುತ್ತದೆ. ಈ ಬಡಕಲು ಕಣ ಅಷ್ಟು ಸಲೀಸಾಗಿ ಮಡಚುವುದಿಲ್ಲ. ಇದರ ಮೇಲೆ ಜ್ವರ, ವಾಂತಿ ಭೇದಿಯಿಂದ ಮೈಯ ನೀರು ಬತ್ತಿದರೆ? ಮೊದಲು ಹೇಳಿದ ಮಗುವಿನ ಕಥೆ ಅರ್ಥವಾಗುತ್ತದೆ.

ರಕ್ತಹೀನತೆ ಮತ್ತು ಪ್ಲೇಟ್‌ಲೆಟ್ ಏರಿಕೆ ಒಟ್ಟಿಗೇ ಇದ್ದ ಮಹಿಳೆಯರಲ್ಲಿ ಕತ್ತಿನ ದೊಡ್ಡ ರಕ್ತನಾಳದೊಳಗೆ ತೇಲಾಡುವ ಹೆಪ್ಪು ಕಂಡ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಇವರಲ್ಲಿ ಹಲವರಿಗೆ ಬೇರೆ ಕಾರಣವಿರಲಿಲ್ಲ. ರಕ್ತದೊತ್ತಡವಿಲ್ಲ, ಸಕ್ಕರೆ ಇಲ್ಲ. ವರ್ಷಗಟ್ಟಲೆ ಮುಟ್ಟಿನಲ್ಲಿ ವಿಪರೀತ ಸ್ರಾವವಾಗುತ್ತಿತ್ತು, ಅವರು ಅದನ್ನು ಯಾರಿಗೂ ಹೇಳಿರಲಿಲ್ಲ, ಅಥವಾ ಹೇಳಿದರೂ ‘ಹೆಂಗಸರಿಗೆ ಇದೆಲ್ಲ ಇದ್ದದ್ದೇ’ ಎಂಬ ಉತ್ತರ ಸಿಕ್ಕಿತ್ತು.

ಹಸಿರು ಕಾಯಿಲೆಯ ಹುಡುಗಿಯರು

ಈ ನಂಟು ಹೊಸ ಕಾಲದ ಶೋಧವೇನಲ್ಲ. ಯುರೋಪಿನ ವೈದ್ಯರು ಹದಿಹರೆಯದ ಹುಡುಗಿಯರಲ್ಲಿ ಒಂದು ಕಾಯಿಲೆಯನ್ನು ಬಹುಕಾಲದಿಂದ ಬಲ್ಲವರಾಗಿದ್ದರು. ಮುಖ ಬಿಳಿಚಿ ಸ್ವಲ್ಪ ಹಸಿರು ಛಾಯೆಗೆ ತಿರುಗುವುದರಿಂದ ಅದಕ್ಕೆ ಹಸಿರು ಕಾಯಿಲೆ ಎಂದೇ ಹೆಸರು. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಬಡಿತ, ಊಟ ಸೇರದು, ಸುಣ್ಣ ಮಣ್ಣು ತಿನ್ನುವ ಆಸೆ. ಜರ್ಮನಿಯ ಯೊಹಾನ್ನೆಸ್ ಲಾಂಗೆ ಎಂಬ ವೈದ್ಯ 1554ರಲ್ಲಿ ಪ್ರಕಟವಾದ ಪತ್ರವೊಂದರಲ್ಲಿ ಇದನ್ನು ಬಣ್ಣಿಸಿ, ಹುಡುಗಿಗೆ ಬೇಗ ಮದುವೆ ಮಾಡಿಬಿಡಿ ಎಂದು ಸಲಹೆ ಕೊಟ್ಟಿದ್ದ. (ನಮ್ಮೂರಿನ ಹಿರಿಯರಿಗೂ ಆತನಿಗೂ ಪರಿಚಯವಿರಲಿಲ್ಲ ಎಂಬುದನ್ನು ನಂಬುವುದು ಕಷ್ಟ!) ಮದುವೆಯಾಗಿ, ಬಸಿರಾಗಿ, ಇದ್ದಬದ್ದ ಕಬ್ಬಿಣವೂ ಖಾಲಿಯಾದ ಹುಡುಗಿಯರೆಷ್ಟೋ. 1832ರಲ್ಲಿ ಫ್ರಾನ್ಸಿನ ಪಿಯೆರ್ ಬ್ಲೋ ಕಬ್ಬಿಣದ ಗುಳಿಗೆ ಕೊಟ್ಟು ಇದನ್ನು ವಾಸಿ ಮಾಡಿ ತೋರಿಸಿದ. ಅವನ ಹೆಸರಿನ ಗುಳಿಗೆಗಳು ಮುಂದೆ ನೂರು ವರ್ಷ ಅಂಗಡಿಗಳಲ್ಲಿ ಮಾರಾಟವಾದವು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ವೈದ್ಯರು ಇನ್ನೊಂದನ್ನು ಗಮನಿಸಿದ್ದರು. ಹಸಿರು ಕಾಯಿಲೆಯ ಕೆಲವು ಹುಡುಗಿಯರು ತೀವ್ರ ತಲೆನೋವು, ವಾಂತಿ, ಸೆಳವಿನಿಂದ ಸತ್ತುಹೋಗುತ್ತಿದ್ದರು. ಶವಪರೀಕ್ಷೆಯಲ್ಲಿ ಮಿದುಳಿನಿಂದ ರಕ್ತವನ್ನು ಹೊರಗೊಯ್ಯುವ ದೊಡ್ಡ ಸಿರೆಗಳಲ್ಲಿ ಹೆಪ್ಪು ತುಂಬಿರುವುದು ಕಾಣುತ್ತಿತ್ತು. ಅಂದಿನ ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಇದರ ಉಲ್ಲೇಖವಿದೆ. ನೀರು ಬರುವ ಕಾಲುವೆ ಕಟ್ಟಿದರೂ ಗದ್ದೆ ಹಾಳು, ಹೊರಹೋಗುವ ಕಾಲುವೆ ಕಟ್ಟಿದರೂ ಗದ್ದೆ ಹಾಳು. ಸಿರೆ ಕಟ್ಟಿಕೊಂಡಾಗಲೂ ಮಿದುಳಿನ ಭಾಗ ಊದಿಕೊಂಡು ಸಾಯುತ್ತದೆ, ಕೈಕಾಲು ಬೀಳುತ್ತದೆ.

ಈ ಬಗೆಯ ಪಾರ್ಶ್ವವಾಯು ಕರ್ನಾಟಕದ ವೈದ್ಯರಿಗೆ ತೀರಾ ಪರಿಚಿತ. 1980 ಮತ್ತು 90ರ ದಶಕಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ಗೆ, ಹೆರಿಗೆಯಾಗಿ ಒಂದೆರಡು ವಾರ ಕಳೆದಿದ್ದ ಬಾಣಂತಿಯರನ್ನು ಹೀಗೆ ಸೆಳವು ಬಂದು, ಒಂದು ಕಡೆಯ ಕೈಕಾಲು ಬಿದ್ದ ಸ್ಥಿತಿಯಲ್ಲಿ ಕರೆತರುತ್ತಿದ್ದರು. ‘ಸನ್ನಿ ಹಿಡಿದಿದೆ’, ‘ಗಾಳಿ ಸೋಕಿದೆ’ ಎಂದು ಅಲ್ಲಿ ಇಲ್ಲಿ ತೋರಿಸಿ ತಡವಾಗಿ ಬಂದವರೇ ಹಲವರು. ಹೆರಿಗೆಯ ನಂತರದ ಕೆಲವು ವಾರ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಅದಕ್ಕೆ ರಕ್ತಹೀನತೆ ಸೇರಿಕೊಂಡರೆ, ಅದರ ಜೊತೆಗೆ ‘ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ’ ಎಂದು ದಿನಕ್ಕೆ ಲೋಟ ಎಣಿಸಿ ನೀರು ಕೊಡುವ ಪದ್ಧತಿಯೂ ಸೇರಿಕೊಂಡರೆ? ಈ ಪದ್ಧತಿಯ ಮೇಲೆ ವೈದ್ಯರು ಬಹುಕಾಲದಿಂದ ಬೆರಳು ತೋರಿಸುತ್ತ ಬಂದಿದ್ದಾರೆ. 2015ರಲ್ಲಿ ನೆದರ್‌ಲ್ಯಾಂಡಿನ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಮಿದುಳಿನ ಸಿರೆಯಲ್ಲಿ ಹೆಪ್ಪಾದವರಲ್ಲಿ ರಕ್ತಹೀನತೆ ಇರುವ ಸಂಭವ ಇತರರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಎಂದು ಗೊತ್ತಾಯಿತು. ಬಾಣಂತಿಗೆ ಬಾಯಾರಿದಷ್ಟು ನೀರು ಕೊಡುವುದಕ್ಕೆ ಯಾವ ಖರ್ಚೂ ಇಲ್ಲ.

ಕುಡುಗೋಲಿನ ಆಕಾರದ ಕಣ

ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದ ಬರುವುದಿಲ್ಲ. ರಕ್ತಹೀನತೆಗೂ ಪಾರ್ಶ್ವವಾಯುವಿಗೂ ಇರುವ ನಂಟು ಅತ್ಯಂತ ಖಚಿತವಾಗಿ ಸಾಬೀತಾಗಿರುವುದು, ತಂದೆ ತಾಯಿ ಇಬ್ಬರಿಂದಲೂ ಬಳುವಳಿಯಾಗಿ ಬರುವ ಇನ್ನೊಂದು ಕಾಯಿಲೆಯಲ್ಲಿ.

1904ರ ಡಿಸೆಂಬರ್‌ನಲ್ಲಿ ಅಮೆರಿಕದ ಶಿಕಾಗೋ ನಗರದ ಆಸ್ಪತ್ರೆಗೆ ಗ್ರೆನಡಾ ದ್ವೀಪದಿಂದ ದಂತವೈದ್ಯ ಶಿಕ್ಷಣಕ್ಕೆ ಬಂದಿದ್ದ ವಾಲ್ಟರ್ ಕ್ಲೆಮೆಂಟ್ ನೋಯೆಲ್ ಎಂಬ ವಿದ್ಯಾರ್ಥಿ ದಾಖಲಾದ. ಕೆಮ್ಮು, ಜ್ವರ, ರಕ್ತಹೀನತೆ. ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್ ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ದುಂಡಗಿರಬೇಕಾದ ಕಣಗಳಲ್ಲಿ ಹಲವು ಬಾಗಿ, ಚೂಪಾಗಿ, ಕುಡುಗೋಲಿನಂತೆ ಕಂಡವು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿ ಇದನ್ನು ಪ್ರಕಟಿಸಿದರು. ಹಿಮೋಗ್ಲೋಬಿನ್ನಿನ ಸರಪಳಿಯೊಂದರ ಆರನೆಯ ಕೊಂಡಿಯಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲೀನ್ ಕೂತಿದೆ, ಇಷ್ಟೇ ತಪ್ಪು. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಈ ತಪ್ಪು ಹಿಮೋಗ್ಲೋಬಿನ್ ಹುರಿಹುರಿಯಾಗಿ ಗಟ್ಟಿಯಾಗುತ್ತದೆ, ಕಣ ಕುಡುಗೋಲಾಗುತ್ತದೆ, ನಾಳಗಳಿಗೆ ಸಿಕ್ಕಿಕೊಳ್ಳುತ್ತದೆ, ಬೇಗ ಒಡೆದೂ ಹೋಗುತ್ತದೆ.

ಈ ಕಾಯಿಲೆ ತೀವ್ರವಾಗಿರುವವರಲ್ಲಿ, ಮುಂಜಾಗ್ರತೆಯಿಲ್ಲದಿದ್ದರೆ, ಇಪ್ಪತ್ತು ವರ್ಷ ತುಂಬುವುದರೊಳಗೆ ನೂರಕ್ಕೆ ಹನ್ನೊಂದು ಮಂದಿಗೆ ಪಾರ್ಶ್ವವಾಯು ಆಗುತ್ತಿತ್ತು. ಶಾಲೆಗೆ ಹೋಗುವ ಮಕ್ಕಳು! ಯಾವ ಮಗುವಿಗೆ ಆಗುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ? ಜಾರ್ಜಿಯ ರಾಜ್ಯದ ನರರೋಗ ತಜ್ಞ ರಾಬರ್ಟ್ ಆಡಮ್ಸ್ ಇದಕ್ಕೆ ಬೆನ್ನುಬಿದ್ದರು. ತೋಟಕ್ಕೆ ನೀರು ಬಿಡುವ ಪೈಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ನೀರು ರಭಸದಿಂದ ಚಿಮ್ಮುತ್ತದೆ. ಮಿದುಳಿನ ನಾಳ ಕಿರಿದಾಗುತ್ತ ಬಂದರೆ ಅಲ್ಲಿ ರಕ್ತವೂ ಹಾಗೆಯೇ ರಭಸವಾಗಿ ಹರಿಯಬೇಕು. ಕಪಾಲದ ಪಕ್ಕದಲ್ಲಿ, ಮೂಳೆ ತೆಳುವಾಗಿರುವ ಜಾಗದಲ್ಲಿ, ಶ್ರವಣಾತೀತ ಧ್ವನಿಯ ಪುಟ್ಟ ಉಪಕರಣವನ್ನು ಇಟ್ಟು ಈ ವೇಗವನ್ನು ಅಳೆಯಬಹುದು. ಸೂಜಿಯಿಲ್ಲ, ನೋವಿಲ್ಲ. ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದ ಮಕ್ಕಳಿಗೆ ಅಪಾಯ ಕಟ್ಟಿಟ್ಟದ್ದು ಎಂದು ಆಡಮ್ಸ್ ತಂಡ ಕಂಡುಕೊಂಡಿತು.

ಬಳಿಕ ಅಂತಹ 130 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ ನಿಯಮಿತವಾಗಿ ಒಳ್ಳೆಯ ರಕ್ತ ಕೊಟ್ಟು ಕುಡುಗೋಲು ಕಣಗಳ ಪ್ರಮಾಣವನ್ನು ನೂರಕ್ಕೆ ಮೂವತ್ತಕ್ಕಿಂತ ಕೆಳಗಿಡುವ ಯತ್ನ. ಮೊದಲ ಗುಂಪಿನಲ್ಲಿ ಹನ್ನೊಂದು ಮಕ್ಕಳಿಗೆ ಪಾರ್ಶ್ವವಾಯು ಆಯಿತು. ಎರಡನೆಯದರಲ್ಲಿ ಒಂದೇ ಮಗುವಿಗೆ. ಫಲಿತಾಂಶ ಇಷ್ಟು ಸ್ಪಷ್ಟವಾಗಿದ್ದುದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿ, ಉಳಿದ ಮಕ್ಕಳಿಗೂ ರಕ್ತ ಪಡೆಯುವ ಅವಕಾಶ ಕೊಡಲಾಯಿತು. ವರದಿ 1998ರಲ್ಲಿ ಬಂತು. ಬರಲಿರುವ ಪಾರ್ಶ್ವವಾಯುವನ್ನು ಮಕ್ಕಳಲ್ಲಿ ಮೊದಲೇ ಗುರುತಿಸಿ ತಡೆದ ಈ ಸಾಹಸಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಗಲಿಲ್ಲ. ತಿಂಗಳು ತಿಂಗಳು ರಕ್ತ ಹೊಂದಿಸುವುದು ಬಡ ದೇಶಗಳಿಗೆ ಸುಲಭವಲ್ಲ. ಪದೇ ಪದೇ ರಕ್ತ ಪಡೆದರೆ ಮೈಯಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುತ್ತದೆ ಕೂಡ. ಹೈಡ್ರಾಕ್ಸಿಯೂರಿಯ ಎಂಬ, ಬಾಯಿಂದ ನುಂಗುವ ಔಷಧಿ ಎಷ್ಟೋ ಮಕ್ಕಳಲ್ಲಿ ಅದರ ಬದಲಿಗೆ ನಿಲ್ಲಬಲ್ಲದು ಎಂದು 2016ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. ನಂತರ ನೈಜೀರಿಯದ ಮಕ್ಕಳಲ್ಲೂ ಇದರ ಉಪಯೋಗ ಕಂಡುಬಂತು.

ಇದು ಅಮೆರಿಕ, ಆಫ್ರಿಕದ ಮಾತಷ್ಟೇ ಅಲ್ಲ. ಭಾರತದಲ್ಲಿ ಕುಡುಗೋಲು ಕಣ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಗಡಿಯಾಚೆಯೇ ಇರುವ ನೀಲಗಿರಿ ಬೆಟ್ಟಗಳ ಜನರಲ್ಲಿ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ಮೈಸೂರು, ಕೊಡಗಿನ ಕಾಡಂಚಿನ ಜೇನುಕುರುಬರಲ್ಲಿ ಈ ಕಾಯಿಲೆ ಇದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಿಸಿದ ಕುಡುಗೋಲು ಕಣ ರಕ್ತಹೀನತೆ ನಿರ್ಮೂಲನಾ ಕಾರ್ಯಕ್ರಮದಲ್ಲಿ ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ತಪಾಸಣೆಯ ಗುರಿ ಇಡಲಾಯಿತು. ಹಾಡಿಯ ಶಾಲೆಯಲ್ಲಿ ಮಗುವೊಂದು ಪದೇ ಪದೇ ಕೈಕಾಲು ನೋವೆಂದು ಅಳುತ್ತಿದ್ದರೆ, ಕಣ್ಣು ಹಳದಿಯಾಗಿದ್ದರೆ, ಇದ್ದಕ್ಕಿದ್ದಂತೆ ಪಾಠದಲ್ಲಿ ಹಿಂದೆ ಬಿದ್ದರೆ ಮೇಷ್ಟರು ಸೋಮಾರಿ ಎಂದು ಗದರಿಸುವ ಮೊದಲು ರಕ್ತ ಪರೀಕ್ಷೆಗೆ ಕಳಿಸಬೇಕು. ಈ ಮಕ್ಕಳ ಮಿದುಳಿನಲ್ಲಿ ಹೊರಗೆ ಕಾಣದ ಸಣ್ಣ ಸಣ್ಣ ಪಾರ್ಶ್ವವಾಯುಗಳು ಆಗಿರಬಹುದು. ಕೈಕಾಲು ಬೀಳುವುದಿಲ್ಲ, ಗಣಿತ ಬೀಳುತ್ತದೆ.

ಮನೆಯ ಅಜ್ಜ ಅಜ್ಜಿಯರ ವಿಷಯಕ್ಕೆ ಬಂದರೆ, ಪಾರ್ಶ್ವವಾಯುವಿನಿಂದ ಆಸ್ಪತ್ರೆ ಸೇರುವವರಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ರಕ್ತಹೀನತೆ ಇರುತ್ತದೆ, ಅವರಲ್ಲಿ ಸಾವು ಹೆಚ್ಚು ಎಂದು ಬ್ರಿಟನ್ನಿನ ವೈದ್ಯರು 2016ರಲ್ಲಿ ವರದಿ ಮಾಡಿದ್ದಾರೆ. ಹಾಗೆಂದು ಹಿಮೋಗ್ಲೋಬಿನ್ ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ. ಮಿತಿಮೀರಿದರೆ ರಕ್ತ ಮಂದವಾಗಿ ಅದೂ ಕಟ್ಟಿಕೊಳ್ಳುತ್ತದೆ. ಜನರ ಮಾತಿನ ‘ರಕ್ತ ಹೆಚ್ಚಾಗಿ ಲಕ್ವ’ ಅಷ್ಟರ ಮಟ್ಟಿಗೆ ನಿಜ. ಆದರೆ ಲಕ್ವ ಹೊಡೆದ ಕೈಗೆ ಪಾರಿವಾಳದ ರಕ್ತ ಹಚ್ಚುವವರಿದ್ದಾರಲ್ಲ, ಅದರಿಂದ ಹೋಗುವುದು ಪಾರಿವಾಳದ ಜೀವ ಮತ್ತು ರೋಗಿಯ ಅಮೂಲ್ಯ ಗಂಟೆಗಳು.

ಹಾಲು, ಚಹಾ, ನೀಲಿ ಮಾತ್ರೆ

ಟೊರಾಂಟೋದ ಆ ಅಧ್ಯಯನ ಮಾಡಿದ ವೈದ್ಯರಲ್ಲೊಬ್ಬರಾದ ಜೊನಾಥನ್ ಮೆಗ್ವಾಯರ್ ಮುಂದೆ ಹಾಲಿನ ಬೆನ್ನು ಹತ್ತಿದರು. ಹಸುವಿನ ಹಾಲಿನಲ್ಲಿ ಸುಣ್ಣದಂಶವಿದೆ, ಸಸಾರಜನಕವಿದೆ, ಕಬ್ಬಿಣ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಒಂದು ಲೀಟರಿಗೆ ಅರ್ಧ ಮಿಲಿಗ್ರಾಮಿನಷ್ಟು. ಒಂದರಿಂದ ಮೂರು ವರ್ಷದ ಮಗುವಿನ ಆಹಾರದಲ್ಲಿ ದಿನಕ್ಕೆ ಏಳೆಂಟು ಮಿಲಿಗ್ರಾಂ ಇರಬೇಕು. ಬಾಟಲಿಯಲ್ಲಿ ದಿನವಿಡೀ ಹಾಲು ಹೀರುವ ಮಗುವಿಗೆ ಹಸಿವಾಗುವುದಿಲ್ಲ, ಅನ್ನ, ಬೇಳೆ, ಸೊಪ್ಪು ಮುಟ್ಟುವುದಿಲ್ಲ. ‘ಊಟ ಮಾಡದಿದ್ದರೇನು, ಹಾಲು ಕುಡಿಯುತ್ತಲ್ಲ’ ಎಂದು ಮನೆಯವರಿಗೆ ಸಮಾಧಾನ. ನೋಡಲು ದುಂಡಗೆ, ಬೆಳ್ಳಗೆ ಇರುವ ಮಗು. ಬಿಳುಪು ಎಲ್ಲಿಯದು ಎಂದು ಯಾರೂ ಕೇಳುವುದಿಲ್ಲ. ಈ ವಯಸ್ಸಿಗೆ ದಿನಕ್ಕೆ ಎರಡು ಬಟ್ಟಲು, ಅಂದರೆ ಅರ್ಧ ಲೀಟರ್ ಹಾಲು ಸಾಕು ಎಂದು ಮೆಗ್ವಾಯರ್ ತಂಡ 2013ರಲ್ಲಿ ಹೇಳಿತು. ಒಂದು ವರ್ಷ ತುಂಬುವ ಮೊದಲು ಮುಖ್ಯ ಹಾಲಾಗಿ ಹಸುವಿನ ಹಾಲು ಬೇಡ, ಎದೆಹಾಲೇ ಇರಲಿ. ಆರು ತಿಂಗಳಿಂದ ಅದರ ಜೊತೆಗೆ ಮೆತ್ತಗಿನ ಆಹಾರ.

ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ಸಂಬಂಧವಿಲ್ಲ. ಅದನ್ನೇ ನಂಬಿ ಕೂರಬಾರದು. ಹುರುಳಿ, ಅಲಸಂದೆ, ಕಡಲೆ, ಸೊಪ್ಪು, ಎಳ್ಳು, ತಿನ್ನುವವರಾದರೆ ಮಾಂಸ, ಮೀನು. ಮೊಳಕೆ ಬರಿಸಿದ ರಾಗಿಯ ಹಿಟ್ಟಿನಲ್ಲಿರುವ ಕಬ್ಬಿಣ ಸಾದಾ ರಾಗಿಯದಕ್ಕಿಂತ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದಲ್ಲಿ ನಿಂಬೆಹಣ್ಣು, ನೆಲ್ಲಿಕಾಯಿ ಇದ್ದರೆ ಕಬ್ಬಿಣ ಸಲೀಸಾಗಿ ಒಳಸೇರುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅರ್ಧಕ್ಕರ್ಧ ವ್ಯರ್ಥ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಇದನ್ನು ಗಮನಿಸಬೇಕು. ರಾತ್ರಿ ಊಟದ ಮೇಲೆ ಚಹಾ ಕುಡಿಯದಿದ್ದರೆ ನಿದ್ದೆಯೂ ಬರುತ್ತದೆ.

ಆದರೆ ಕೊರತೆ ಆಗಿಬಿಟ್ಟಿದ್ದರೆ ಸೊಪ್ಪು ಸಾಲದು, ಮಾತ್ರೆ ಬೇಕು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ ಇರುತ್ತದೆ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಕಿಟಕಿಯಾಚೆ ಎಸೆಯುವವರುಂಟು. ಮಲ ಕಪ್ಪಾಗುವುದು ಸಹಜ, ಭಯವಿಲ್ಲ. ಖಾಲಿ ಹೊಟ್ಟೆಯಲ್ಲಿ ನುಂಗದೆ ಬಿಸಿಯೂಟದ ನಂತರ ನುಂಗಿದರೆ ತೊಳಸುವುದು ಕಡಿಮೆ. ವರ್ಷಕ್ಕೆರಡು ಸಲ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ಬಿಡಬಾರದು. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತವನ್ನೇ ಕುಡಿಯುತ್ತದೆ. ಪರೀಕ್ಷೆಯಲ್ಲಿ ರಕ್ತಹೀನತೆ ಕಂಡುಬಂದು ವೈದ್ಯರು ದಿನವೂ ಮಾತ್ರೆ ಬರೆದುಕೊಟ್ಟರೆ, ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ನುಂಗಬೇಕು. ಬರಿದಾದ ಕಣಜ ತುಂಬಬೇಕಲ್ಲ! ಹನ್ನೆರಡು ವರ್ಷ ದಾಟಿದ ಹುಡುಗಿಯರಲ್ಲಿ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕೆಳಗಿದ್ದರೆ ಅದು ರಕ್ತಹೀನತೆಯೇ. ‘ಹತ್ತಿದೆ, ಪರವಾಗಿಲ್ಲ’ ಎನ್ನುವಂತಿಲ್ಲ. ಮಾತ್ರೆ ನುಂಗಿಯೂ ಏರದಿದ್ದರೆ ಕಾರಣ ಬೇರೆ ಇರಬಹುದು: ತಲಸ್ಸೀಮಿಯ, ಕುಡುಗೋಲು ಕಣ, ಬಿ-12 ಜೀವಸತ್ವದ ಕೊರತೆ, ಅಥವಾ ಎಲ್ಲೋ ಒಳಗೆ ಸೋರುತ್ತಿರುವ ರಕ್ತ. ಆಗ ಔಷಧಿ ಅಂಗಡಿಯ ಟಾನಿಕ್ಕು ಕೊಳ್ಳುತ್ತ ಕೂರುವ ಬದಲು ಪರೀಕ್ಷೆ ಮಾಡಿಸಬೇಕು.

ಮುಖ ಒಂದು ಕಡೆ ಸೊಟ್ಟಗಾದರೆ, ಎರಡೂ ಕೈ ಎತ್ತೆಂದಾಗ ಒಂದು ಕೆಳಗಿಳಿದರೆ, ಮಾತು ತೊದಲಿದರೆ, ವಯಸ್ಸು ಎಂಬತ್ತಿರಲಿ ಎಂಟಿರಲಿ, 108ಕ್ಕೆ ಫೋನು ಮಾಡಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಬೇಕು. ವಯಸ್ಕರಲ್ಲಿ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಲಕ್ಷಣ ಕಂಡ ಗಡಿಯಾರದ ಹೊತ್ತನ್ನು ಗುರುತಿಟ್ಟುಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಎಳೆಯ ಮಕ್ಕಳಲ್ಲಿ ಸೂಚನೆ ಇಷ್ಟು ನೇರವಾಗಿರುವುದಿಲ್ಲ. ಸೆಳವು ಬರಬಹುದು, ಮಂಪರು ಕವಿಯಬಹುದು. ವರ್ಷ ತುಂಬುವ ಮೊದಲೇ ಮಗು ಯಾವಾಗಲೂ ಒಂದೇ ಕೈ ಬಳಸುತ್ತಿದ್ದರೆ ಅದನ್ನು ‘ಎಡಚ’ ಎಂದು ನಕ್ಕು ಸುಮ್ಮನಾಗಬಾರದು. ಆ ವಯಸ್ಸಿಗೆ ಕೂಸಿಗೆ ಎಡ ಬಲದ ಭೇದವಿರುವುದಿಲ್ಲ, ಇನ್ನೊಂದು ಕೈ ಬಲಹೀನವಾಗಿರಬಹುದು. ಆಸ್ಪತ್ರೆಯಲ್ಲಿ ಹೃದಯ, ರಕ್ತನಾಳಗಳ ಪರೀಕ್ಷೆಯೆಲ್ಲ ನಡೆಯುತ್ತದೆ. ಆಗ ಮಗು ದಿನಕ್ಕೆ ಎಷ್ಟು ಬಾಟಲಿ ಹಾಲು ಕುಡಿಯುತ್ತಿತ್ತು, ಮಣ್ಣು ತಿನ್ನುತ್ತಿತ್ತೇ, ಹಿಂದಿನ ವಾರ ಭೇದಿಯಾಗಿತ್ತೇ ಎಂಬುದನ್ನು ವೈದ್ಯರು ಕೇಳದಿದ್ದರೂ ತಾಯಿ ಹೇಳಬೇಕು.